ವಯಸ್ಕರಿಗೆ ಲಿನೋಕಟ್ ತರಗತಿ: ಪ್ರೆಸ್ ಇಲ್ಲದೆ ಮೊದಲ ದಿನ ಏನು ಮಾಡಿಸಬಹುದು?

12 ಜನ, ವಾರಕ್ಕೆ 2 ಗಂಟೆಯಂತೆ 6 ವಾರ, ಯಾರೂ ಉಳಿ ಹಿಡಿದವರಲ್ಲ, ಪ್ರೆಸ್ಸೂ (ಅಚ್ಚೊತ್ತುವ ಯಂತ್ರ) ಇಲ್ಲ, ಶುರು ಹೇಗೆ ಅಂತ ಕೇಳಿದ್ದೀರಿ. ಲಿನೋಕಟ್ ಎಂದರೆ ಲಿನೋಲಿಯಂ ಹಾಳೆಯ (ಲಿನೋ) ಮೇಲೆ ಚಿತ್ರ ಕೆತ್ತಿ, ಕೆತ್ತದೆ ಉಳಿದ ಭಾಗಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದು. ಪ್ರೆಸ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 1926ರಿಂದ ಲಂಡನ್ನಿನ ಗ್ರೋವ್‌ನರ್ ಸ್ಕೂಲ್‌ನಲ್ಲಿ ಲಿನೋಕಟ್ ಕಲಿಸಿದ ಕ್ಲಾಡ್ ಫ್ಲೈಟ್ ತೆಳು ಕಾಗದದ ಮೇಲೆ ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ತರಗತಿ ಹಳಿ ತಪ್ಪುವುದು ಶಾಯಿ ಟೇಬಲ್ಲಿನ ಮುಂದಿನ ಕ್ಯೂನಲ್ಲಿ. ಒಬ್ಬರಿಗೆ 4 ನಿಮಿಷ ಎಂದರೂ, ಒಂದೇ ಟೇಬಲ್ ಇದ್ದರೆ ಎಲ್ಲರ ಸರದಿ ಮುಗಿಯಲು 48 ನಿಮಿಷ ಬೇಕು, ಅದೂ ತಲಾ ಒಂದೇ ಪ್ರಿಂಟಿಗೆ. 3 ಕಡೆ ಶಾಯಿ ಇಡಿ. ಪ್ರತಿಯೊಂದರಲ್ಲೂ ಒಂದು ಗಾಜು ಅಥವಾ ಅಕ್ರಿಲಿಕ್ ಹಲಗೆ, 10 ಸೆಂ.ಮೀ. ಅಗಲದ ಒಂದು ರೋಲರ್ ಇದ್ದರೆ ಸಾಕು.

ಮೊದಲ ದಿನದ ಲಿನೋ 10 × 10 ಸೆಂ.ಮೀ.ಗಿಂತ ದೊಡ್ಡದಾಗುವುದು ಬೇಡ. ಅಂದೇ ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ರಿಂಟ್ ಇರಬೇಕು. ಬರೀ ಕೆತ್ತಿಸಿ ಕಳಿಸಿದರೆ ಮುಂದಿನ ವಾರ ಅರ್ಧ ಕುರ್ಚಿ ಖಾಲಿ. 15 ನಿಮಿಷ ಡೆಮೊ, 15 ಚಿತ್ರ ಇಳಿಸಲು, 40 ಕೆತ್ತಲು, 35 ಅಚ್ಚಿಗೆ, ಉಳಿದ 15 ಸ್ವಚ್ಛತೆಗೆ. ಬೇಗ ಕೆತ್ತಿ ಮುಗಿಸಿದವರನ್ನು ಕಾಯಿಸದೆ ಶಾಯಿಗೆ ಕಳಿಸಿ, ಕ್ಯೂ ತಾನಾಗಿ ಚದುರುತ್ತದೆ.

‘ಏನಾದರೂ ಬರೆಯಿರಿ’ ಎಂದರೆ ದೊಡ್ಡವರು ಅಲ್ಲೇ ಹೆಪ್ಪುಗಟ್ಟುತ್ತಾರೆ, ‘ನಂಗೆ ಡ್ರಾಯಿಂಗ್ ಬರಲ್ಲ’ ಶುರುವಾಗುತ್ತದೆ. ಒಂದಷ್ಟು ಎಲೆ, ಬೀಗದ ಕೈ, ಕತ್ತರಿ ಮೇಜಿನ ಮೇಲಿಟ್ಟು ಬರೀ ಹೊರರೇಖೆ ತೆಗೆಯಲು ಹೇಳಿ. ಟ್ರೇಸಿಂಗ್ ಕಾಗದದ ಮೇಲೆ 4ಬಿ ಪೆನ್ಸಿಲ್ಲಿನಲ್ಲಿ ಬರೆದು, ಬರೆದ ಮುಖವನ್ನು ಲಿನೋ ಮೇಲೆ ಮಗುಚಿ, ಹಿಂದಿನಿಂದ ಉಜ್ಜಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಇಳಿಯುತ್ತದೆ, ಅಚ್ಚಿನಲ್ಲಿ ಮತ್ತೆ ನೇರವಾಗುತ್ತದೆ. ಅಕ್ಷರಗಳ ಆಸೆಯನ್ನು ಮೂರನೇ ವಾರದವರೆಗೆ ಮುಂದೂಡಿ.

ಉಳಿಯಲ್ಲಿ ಎರಡೇ ಬಗೆ ಸಾಕು: ಗೆರೆಗೆ 2 ಮಿ.ಮೀ. ವಿ ಆಕಾರದ್ದು ಒಬ್ಬರಿಗೊಂದು, ಬಯಲು ತೆಗೆಯಲು 6 ಮಿ.ಮೀ. ಯು ಆಕಾರದ್ದು ಇಬ್ಬರಿಗೊಂದು. ಲಿನೋ ಗಡುಸಾಗಿದ್ದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಮೆತ್ತಗಾಗುತ್ತದೆ. ಬೆರಳುಗಂಟು ನೋವಿರುವವರಿಗೆ ಮೃದು ವಿನೈಲ್ ಹಾಳೆಯೇ ಕೊಡಿ. ಉಳಿಯನ್ನು ಓರೆಯಾಗಿ ಹಿಡಿದು 1 ಮಿ.ಮೀ. ಆಳ ತೆಗೆದರೆ ಬೇಕಾದಷ್ಟಾಯಿತು. ಕೆಳಗಿನ ಗೋಣಿನೂಲು ಕಂಡರೆ ಅತಿಯಾಯಿತೆಂದೇ ಅರ್ಥ. ತಿರುವು ಬಂದಾಗ ತಿರುಗಬೇಕಾದ್ದು ಲಿನೋ, ಕೈಯಲ್ಲ. ಪ್ರತಿಯೊಬ್ಬರಿಗೂ ಒಂದು ಬೆಂಚ್ ಹುಕ್ ಬೇಕೇ ಬೇಕು: 20 × 25 ಸೆಂ.ಮೀ. ಹಲಗೆ, ಮುಂಭಾಗದ ಕೆಳಗೆ ಮೇಜಿನಂಚಿಗೆ ಸಿಕ್ಕುವ ಒಂದು ಪಟ್ಟಿ, ಆಚೆ ತುದಿಯ ಮೇಲೆ ಲಿನೋ ತಡೆಯಲು ಇನ್ನೊಂದು. ಇದಿಲ್ಲದಿದ್ದರೆ ಜನ ಎಡಗೈಯಲ್ಲಿ ಲಿನೋವನ್ನು ಎದುರಿನಿಂದ ಹಿಡಿಯುತ್ತಾರೆ, ಉಳಿ ಜಾರಿದರೆ ನೇರ ಹೆಬ್ಬೆರಳಿಗೆ. ಮೊಂಡು ಉಳಿ ಇನ್ನೂ ಅಪಾಯ, ಒತ್ತಿ ಒತ್ತಿ ತಳ್ಳಬೇಕಾಗುತ್ತದೆ.

ಶಾಯಿಗೆ ನನ್ನ ಆಯ್ಕೆ, ಸೋಪುನೀರಿನಲ್ಲಿ ತೊಳೆದುಹೋಗುವ ಎಣ್ಣೆ ಆಧಾರಿತ ಶಾಯಿ. ಮಾಮೂಲಿ ನೀರಿನ ಶಾಯಿ ಅಗ್ಗ, ಆದರೆ ಹೊಸಬರ ನಿಧಾನಕ್ಕೆ ಅದು ಹಲಗೆಯ ಮೇಲೇ ಒಣಗುತ್ತದೆ. ಅರ್ಧ ಚಮಚ ಶಾಯಿಯಿಂದ ಶುರು ಮಾಡಿ. ರೋಲರನ್ನು ಹಿಂದೆ ಮುಂದೆ ತೀಡುತ್ತಲೇ ಇದ್ದರೆ ಅದರ ಒಂದು ಮಗ್ಗುಲಿಗೆ ಮಾತ್ರ ಶಾಯಿ ಹತ್ತುತ್ತದೆ. ಪ್ರತಿ ಓಟದ ಕೊನೆಗೆ ಮೇಲೆತ್ತಿ ಮತ್ತೆ ಇಡಬೇಕು. ಹದವನ್ನು ಕಿವಿ ಹೇಳುತ್ತದೆ. ಶಾಯಿ ಜಾಸ್ತಿಯಿದ್ದಾಗ ‘ಪಚಪಚ’ ಸದ್ದು, ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿ. ತೆಳುವಾಗಿ ಹರಡಿದಾಗ ಸಣ್ಣಗೆ ‘ಸ್ಸ್‌’ ಎನ್ನುತ್ತದೆ, ಮಖಮಲ್ಲಿನ ಹೊಳಪು ಬರುತ್ತದೆ. ಈ ಸದ್ದನ್ನು ಡೆಮೊದಲ್ಲೇ ಎಲ್ಲರಿಗೂ ಕೇಳಿಸಿ, ಆಮೇಲೆ ನೀವು ಪ್ರತಿ ಟೇಬಲ್ಲಿಗೆ ಓಡಬೇಕಾಗಿಲ್ಲ.

ಕಾಗದ 60ರಿಂದ 90 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ನುಣುಪಾದದ್ದು. ‘ಒಳ್ಳೆಯದಿರಲಿ’ ಎಂದು 300 ಜಿಎಸ್‌ಎಂ ಜಲವರ್ಣ ಕಾಗದ ತಂದರೆ ಕೈಯ ಒತ್ತಡ ಸಾಲದೆ ಬಿಳಿಚುಕ್ಕಿಗಳೇ ಉಳಿಯುತ್ತವೆ. ಮರದ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ 2 ನಿಮಿಷ ಉಜ್ಜಿಸಿ. ಒಂದು ಅಂಗೈ ಕಾಗದವನ್ನು ಅದುಮಿ ಹಿಡಿದಿರಲಿ, ಕದಲಿದರೆ ಗೆರೆ ಜೋಡಿಯಾಗಿ ಬೀಳುತ್ತದೆ. ಮೂಲೆ ಎತ್ತಿ ನೋಡಿ, ಮಂಕಿದ್ದ ಕಡೆ ಮತ್ತೆ ಉಜ್ಜಬಹುದು. ಹೊಸ ಲಿನೋದ ಮೊದಲ ಒಂದೆರಡು ಪ್ರಿಂಟ್ ಪೇಲವವಾಗಿಯೇ ಬರುತ್ತವೆ. ಇದನ್ನು ಮುಂಚೆಯೇ ಹೇಳಿಬಿಡಿ, ಅವನ್ನು ರದ್ದಿ ಕಾಗದದ ಮೇಲೆ ತೆಗೆಸಿ. ಮೂರನೆಯದರಲ್ಲೂ ಸಣ್ಣ ಗೆರೆ ಮುಚ್ಚಿಹೋದರೆ ಶಾಯಿ ಅತಿ. ಬಿಳಿಚುಕ್ಕಿ ಎಲ್ಲೆಡೆ ಸಮನಾಗಿದ್ದರೆ ಶಾಯಿ ಕಮ್ಮಿ, ಒಂದೇ ಕಡೆಯಿದ್ದರೆ ಉಜ್ಜಿದ್ದು ಸಾಲದು.

ಒಣಗಿಸಲು ಹಗ್ಗ, ಕ್ಲಿಪ್ಪು ಸಾಕು. ಉಳಿದ ಶಾಯಿಯನ್ನು ಕೆರೆದು ಕಾಗದದಲ್ಲಿ ಒರೆಸಿದ ಮೇಲಷ್ಟೇ ಸಿಂಕಿಗೆ. ಲಿನ್‌ಸೀಡ್ ಎಣ್ಣೆಯ ಶಾಯಿ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯಬೇಡಿ, ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ.

ನಾಲ್ಕನೇ ವಾರಕ್ಕೆ ಎರಡು ಬಣ್ಣ ಕೊಡಬಹುದು. ಪಿಕಾಸೋ ಬಳಸಿದ ರಿಡಕ್ಷನ್ ವಿಧಾನಕ್ಕೆ ವಾರಕ್ಕೊಮ್ಮೆಯ ತರಗತಿ ಹೇಳಿ ಮಾಡಿಸಿದ ಹಾಗಿದೆ, ಮೊದಲ ಬಣ್ಣ ಒಣಗಲು ಹೇಗೂ ಕೆಲವು ದಿನ ಬೇಕು. ತಿಳಿ ಬಣ್ಣ ಮೊದಲು, ಅದೇ ಲಿನೋವನ್ನು ಇನ್ನಷ್ಟು ಕೆತ್ತಿ ಗಾಢ ಬಣ್ಣ ಆಮೇಲೆ. ಎರಡನೇ ಸಲ ಕೆತ್ತಿದ ಮೇಲೆ ಮೊದಲ ಬಣ್ಣದ ಪ್ರತಿ ಮತ್ತೆ ಸಿಗುವುದಿಲ್ಲ, ಜೋಡಣೆ ತಪ್ಪಿ ಒಂದೆರಡು ಹಾಳಾಗುವುದಂತೂ ಖಂಡಿತ. ಹಾಗಾಗಿ 5 ಬೇಕೆನ್ನುವವರಿಂದ ಮೊದಲ ಬಣ್ಣದಲ್ಲೇ 8 ತೆಗೆಸಿ.