ಮೀಟರ್ ನಂಬಬೇಡಿ, ಪೆಡಲ್ ನೋಡಿ

ಡೀಲರ್ ತೋರಿಸಿದ ಆರು ವರ್ಷದ ಕಾರು ಬರೀ 30,000 ಕಿಲೋಮೀಟರ್ ಓಡಿದೆಯಂತೆ, ನಂಬಬಹುದಾ ಅಂತ ಕೇಳಿದ್ದೀರಿ. ಮೊದಲು ಬ್ರೇಕ್ ಪೆಡಲ್ ನೋಡಿ. ರಬ್ಬರ್ ಸವೆದು ನುಣ್ಣಗಾಗಿದ್ದರೆ ಗಾಡಿ ಜಾಸ್ತಿ ಓಡಿರಬಹುದು. ಅದೊಂದೇ ಹೊಚ್ಚ ಹೊಸದಾಗಿದ್ದರೂ ಅನುಮಾನವೇ! ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಕಾರಿಗಿಂತ ಹೊಸದಾಗಿದ್ದರೆ, ಇಷ್ಟು ಕಡಿಮೆ ಓಡಿದ ಕಾರಿಗೆ ನಾಲ್ಕೂ ಟೈರ್ ಹೊಸದು ಯಾಕೆ ಅಂತ ಕೇಳಿ. ಸರ್ವಿಸ್ ದಾಖಲೆಯಲ್ಲಿರುವ ಕಿಲೋಮೀಟರ್ ತಾಳೆ ನೋಡಿ.

ಇನ್ನೊಂದು, ನೀವು ಹೋಗುವ ತನಕ ಎಂಜಿನ್ ಸ್ಟಾರ್ಟ್ ಮಾಡಬಾರದು ಅಂತ ಡೀಲರ್‌ಗೆ ಮೊದಲೇ ಹೇಳಿಡಿ. ನಾನು ಒಂದು ಕಾರು ನೋಡಲು ಹೋದಾಗ ಬಾನೆಟ್ ಆಗಲೇ ಬಿಸಿಯಾಗಿತ್ತು. ತಣ್ಣಗಿದ್ದಾಗ ಬರುವ ಹೊಗೆ, ಸದ್ದು ಗೊತ್ತೇ ಆಗಲಿಲ್ಲ. ನಿಮ್ಮ ಮೆಕ್ಯಾನಿಕ್‌ಗೆ ತೋರಿಸಲು ಡೀಲರ್ ಒಪ್ಪದಿದ್ದರೆ ಸುಮ್ನೆ ವಾಪಸ್ ಬನ್ನಿ.