ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದೇಶಾಂಗ ಇಲಾಖೆಗೆ ಎಷ್ಟು ಜನ ಬೇಕು?

ಪ್ರಶ್ನೆ: ಈಗ ಪ್ರಧಾನಿ, ಅಧ್ಯಕ್ಷರೇ ಪರಸ್ಪರ ಫೋನ್ ಮಾಡುತ್ತಾರೆ. ಹೇಳಬೇಕಾದ್ದನ್ನು ಜಾಲತಾಣದಲ್ಲಿ ತಾವೇ ಬರೆದು ಹಾಕುತ್ತಾರೆ. ಹೀಗಿದ್ದೂ ಸರ್ಕಾರಗಳ ವಿದೇಶಾಂಗ ಇಲಾಖೆಗಳು ಬೆಳೆಯುತ್ತಲೇ ಇವೆ. ಅರ್ಧಕ್ಕರ್ಧ ಜನರನ್ನು ಮನೆಗೆ ಕಳುಹಿಸಿದರೆ ಏನು ಮುಳುಗಿಹೋಗುತ್ತದೆ? ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದವರು ನೀವು. ಪಕ್ಷಪಾತ ಮಾಡದೆ ಹೇಳಿ.

ಉತ್ತರ: ನನಗೆ ಪಿಂಚಣಿ ಬರುವುದೇ ಅಲ್ಲಿಂದ, ಪಕ್ಷಪಾತ ಇಲ್ಲವೆಂದರೆ ನೀವು ನಂಬುವುದಿಲ್ಲ. ಆದರೂ ಅರ್ಧದಷ್ಟು ಜನ ಹೆಚ್ಚಾಗಿದ್ದಾರೆ ಎಂಬ ನಿಮ್ಮ ಗುಮಾನಿ ಪೂರ್ತಿ ಸುಳ್ಳೆನ್ನಲಾರೆ. ಯಾವ ಅರ್ಧ ಎಂಬುದರಲ್ಲಿ ಮಾತ್ರ ನಮಗೆ ಜಗಳ.

ನಿಮ್ಮ ಪರವಾದ ಸಾಕ್ಷಿಯನ್ನೇ ಮೊದಲು ಹೇಳುತ್ತೇನೆ. ಬ್ರಿಟನ್ನಿನ ವಸಾಹತು ಕಚೇರಿಯಲ್ಲಿ 1935ರಲ್ಲಿ 372 ನೌಕರರಿದ್ದರು. 1954ರ ಹೊತ್ತಿಗೆ ಅವರ ಸಂಖ್ಯೆ 1,661. ಸಾಮ್ರಾಜ್ಯ ಕುಗ್ಗುತ್ತ ಹೋಯಿತು, ಅದನ್ನು ನೋಡಿಕೊಳ್ಳುವವರು ನಾಲ್ಕು ಪಟ್ಟಿಗಿಂತ ಹೆಚ್ಚಾದರು. ಈ ಲೆಕ್ಕವನ್ನು ಎತ್ತಿ ತೋರಿಸಿದ್ದು ಪಾರ್ಕಿನ್‌ಸನ್ ಎಂಬ ಇತಿಹಾಸಕಾರ. ಕೆಲಸ ಹೆಚ್ಚಾಯಿತೆಂದು ಗೊಣಗುವ ಅಧಿಕಾರಿ ತನ್ನ ಸಮಾನನೊಬ್ಬನನ್ನು ಕೇಳುವುದಿಲ್ಲ, ಕೈಕೆಳಗೆ ಇಬ್ಬರನ್ನು ಕೇಳುತ್ತಾನೆ, ಆಮೇಲೆ ಮೂವರೂ ಒಬ್ಬರಿಗೊಬ್ಬರು ಕೆಲಸ ಹುಟ್ಟಿಸಿಕೊಳ್ಳುತ್ತಾರೆ ಎಂಬುದು ಆತನ ವಾದ. ಆ ಕಚೇರಿ 1966ರಲ್ಲಿ ಕಾಮನ್‌ವೆಲ್ತ್ ಇಲಾಖೆಯೊಂದಿಗೆ ಸೇರಿತು. 1968ರಲ್ಲಿ ಎರಡೂ ಸೇರಿ ವಿದೇಶಾಂಗ ಇಲಾಖೆಯ ಹೊಟ್ಟೆಗೆ ಹೋದವು. 2020ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಇಲಾಖೆಯನ್ನೂ ಅದಕ್ಕೇ ಸೇರಿಸಿದರು. ಹಾಗಾಗಿ ಪತ್ರಿಕೆಯಲ್ಲಿ ಇಲಾಖೆ ಬೆಳೆಯಿತೆಂಬ ಸುದ್ದಿ ಓದಿದರೆ ಹೊಸಬರನ್ನು ನೇಮಿಸಿದರೋ, ಇದ್ದವರ ಬೋರ್ಡು ಬದಲಾಯಿತೋ ನೋಡಿಕೊಳ್ಳಿ.

ಪಾರ್ಕಿನ್‌ಸನ್ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ದೇಶದ ರಾಷ್ಟ್ರೀಯ ದಿನಕ್ಕೆ ಶುಭಾಶಯ ಕಳುಹಿಸಬೇಕು. ಎರಡು ಸಾಲಿನ ಪತ್ರ. ಸಹಾಯಕ ಕರಡು ಬರೆದ. ಶಾಖಾಧಿಕಾರಿ ಒಂದು ಅಲ್ಪವಿರಾಮ ತೆಗೆದರು. ಅಧೀನ ಕಾರ್ಯದರ್ಶಿ ಒಕ್ಕಣೆ ತಿರುಗಿಸಿದರು. ಅವರ ಮೇಲಿನವರು ‘ಕಳೆದ ವರ್ಷ ಏನು ಕಳುಹಿಸಿದ್ದೆವು?’ ಎಂದು ಟಿಪ್ಪಣಿ ಹಾಳೆಯ ಅಂಚಿನಲ್ಲಿ ಬರೆದು ಕಡತವನ್ನು ಕೆಳಗೆ ಕಳುಹಿಸಿದರು. ಕಳೆದ ವರ್ಷದ ಪತ್ರ ಹುಡುಕಿ ಲಗತ್ತಿಸಿದಾಗ ಅದು ಸಹಾಯಕನ ಮೊದಲ ಕರಡಿನಂತೆಯೇ ಇತ್ತು, ಅಲ್ಪವಿರಾಮ ಸಮೇತ. ಅಷ್ಟೂ ಸಹಿಗಳು ಬಿದ್ದು ಪತ್ರ ಹೊರಟಾಗ ಆ ದೇಶದವರ ಹಬ್ಬ ಮುಗಿದಿತ್ತು. ಆ ಸಾಲಿನಲ್ಲಿ ಕುಳಿತವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರನ್ನು ನೀವು ಮನೆಗೆ ಕಳುಹಿಸಿದರೆ ನಾನು ತಕರಾರು ಮಾಡುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ದೂತಾವಾಸದ ಕಾನ್ಸುಲರ್ ವಿಭಾಗದಲ್ಲಿ, ಅಂದರೆ ಪಾಸ್‌ಪೋರ್ಟ್, ವೀಸಾ, ಪರದೇಶದಲ್ಲಿ ಕಷ್ಟಕ್ಕೆ ಸಿಕ್ಕ ನಮ್ಮವರ ಕೆಲಸ ನೋಡುವ ಕಡೆ, ಒಂದು ಕಿಟಕಿ ಇರುತ್ತದೆ. ಪರದೇಶದಲ್ಲಿ ನಿಮ್ಮವರೊಬ್ಬರು ತೀರಿಕೊಂಡರೆನ್ನಿ. ಅಲ್ಲಿನ ಮರಣ ಪ್ರಮಾಣಪತ್ರ, ಅದರ ಅನುವಾದ, ಶವ ಕೆಡದಂತೆ ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ, ಪೊಲೀಸರ ಒಪ್ಪಿಗೆ, ಪಾಸ್‌ಪೋರ್ಟ್ ರದ್ದು, ದೂತಾವಾಸದ ನಿರಾಕ್ಷೇಪಣಾ ಪತ್ರ, ಆಮೇಲೆ ವಿಮಾನದ ಸರಕು ವಿಭಾಗ. ಸಾಲವಿದ್ದರೆ, ಮಾಲೀಕ ಸಂಬಳ ಬಾಕಿ ಉಳಿಸಿಕೊಂಡಿದ್ದರೆ ಅದು ಬೇರೆಯೇ ಪಾಡು. ಇದರಲ್ಲಿ ಒಂದು ಕಾಗದವೂ ನಾಯಕರ ಫೋನಿನಿಂದ ಹುಟ್ಟುವುದಿಲ್ಲ. ಕಿರಿಯ ಸಹಾಯಕನೊಬ್ಬ ಶವಾಗಾರದ ಬಾಗಿಲಲ್ಲಿ ನಿಂತು, ಒಂದು ಕಿವಿಯಲ್ಲಿ ಮನೆಯವರ ಅಳು ಕೇಳುತ್ತ, ಇನ್ನೊಂದು ಕಡೆ ಅಲ್ಲಿನ ಗುಮಾಸ್ತನನ್ನು ಅವನದೇ ಭಾಷೆಯಲ್ಲಿ ಓಲೈಸಬೇಕು.

ಈ ಕೆಲಸ ಬೆಳೆದಿರುವುದು ಯಾರ ಸೋಮಾರಿತನದಿಂದಲೂ ಅಲ್ಲ. 1945ರಲ್ಲಿ ವಿಶ್ವಸಂಸ್ಥೆ ಹುಟ್ಟಿದಾಗ 51 ಸದಸ್ಯರು, ಈಗ 193. ದುಡಿಯಲು, ಓದಲು, ತಿರುಗಾಡಲು ಹೊರಗೆ ಹೋಗುವವರು ಎಷ್ಟೋ ಪಟ್ಟು ಹೆಚ್ಚಾಗಿದ್ದಾರೆ. ಅದರ ಮೇಲೆ ಹವಾಮಾನ, ವ್ಯಾಪಾರ ಒಪ್ಪಂದ, ಸೈಬರ್ ಅಪರಾಧ. ಹಾಗೆಯೇ ರಾಯಭಾರ ಕಚೇರಿಯಲ್ಲಿ ಕಾಣುವ ತಲೆಗಳೆಲ್ಲ ವಿದೇಶಾಂಗ ಇಲಾಖೆಯವಲ್ಲ: ಸೇನೆಯವರು, ವಾಣಿಜ್ಯದವರು, ಕೃಷಿಯವರು ತಮ್ಮ ತಮ್ಮ ಇಲಾಖೆಗಳಿಂದ ಬಂದು ಅದೇ ಸೂರಿನಡಿ ಕೂರುತ್ತಾರೆ. ಚಾಲಕರು, ಕಾವಲುಗಾರರು, ಅನುವಾದಕರು ಹೆಚ್ಚಾಗಿ ಸ್ಥಳೀಯರು. ಅವರನ್ನು ಎಣಿಸಿದರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ಚರ್ಚೆ ಮಾಡುವವರು ತಮಗೆ ಬೇಕಾದ ಲೆಕ್ಕವನ್ನು ಹಿಡಿದುಕೊಳ್ಳುತ್ತಾರೆ.

ಸೇನೆಯ ಪಕ್ಕದಲ್ಲಿಟ್ಟು ನೋಡಿದರೆ ಈ ‘ದೊಡ್ಡ’ ಇಲಾಖೆ ಸಣ್ಣದಾಗಿಯೇ ಕಾಣುತ್ತದೆ. 2007ರಲ್ಲಿ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ತಮ್ಮ ಭಾಷಣದಲ್ಲಿ, ದೇಶದ ವೃತ್ತಿಪರ ರಾಜತಾಂತ್ರಿಕರು ಸುಮಾರು 6,600 ಮಂದಿ, ಒಂದು ವಿಮಾನವಾಹಕ ನೌಕೆಯ ಪಡೆಗೆ ಬೇಕಾಗುವವರಿಗಿಂತ ಕಡಿಮೆ ಎಂದಿದ್ದರು. ಹೇಳಿದವರು ರಕ್ಷಣಾ ಸಚಿವರು, ವಿದೇಶಾಂಗದವರಲ್ಲ ಎಂಬುದನ್ನು ಗಮನಿಸಿ.

ಇನ್ನು ನಿಮ್ಮ ಅರ್ಧಕ್ಕರ್ಧ ಕತ್ತರಿ. 2025ರ ಜುಲೈಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ 1,300ಕ್ಕೂ ಹೆಚ್ಚು ಜನರನ್ನು ಒಮ್ಮೆಗೇ ತೆಗೆಯಿತು. ಕತ್ತರಿ ಬಿದ್ದದ್ದು ಸ್ವದೇಶದ ಕಚೇರಿಗಳ ಮೇಲೆ. ಅಷ್ಟರ ಮಟ್ಟಿಗೆ ಸರಿ ಎನ್ನಬಹುದಿತ್ತು. ಆದರೆ ರಾಜತಾಂತ್ರಿಕರು ಊರೂರು ತಿರುಗುವವರು. ಇವತ್ತು ಕೇಂದ್ರ ಕಚೇರಿಯಲ್ಲಿ ಇರುವವರು ಮುಂದಿನ ವರ್ಷ ಹೊರಗೆ ಇರುತ್ತಾರೆ. ರದ್ದಾದ ವಿಭಾಗದಲ್ಲಿ ಆ ಹೊತ್ತಿಗೆ ಕುಳಿತಿದ್ದವರ ನೌಕರಿ ಹೋಯಿತು, ಅವರ ಅನುಭವವನ್ನು ತೂಗಿ ನೋಡಲಿಲ್ಲ. ಅಲ್ಲಿನ ತರಬೇತಿ ಸಂಸ್ಥೆ ಅರಬ್ಬಿ ಅಥವಾ ಚೀನೀ ಭಾಷೆ ಕಲಿಸಲು ಸುಮಾರು 88 ವಾರ ತೆಗೆದುಕೊಳ್ಳುತ್ತದೆ. ಅಷ್ಟು ಖರ್ಚು ಮಾಡಿ ಕಲಿಸಿದವರನ್ನು ಕುರ್ಚಿ ನೋಡಿ ಕಳುಹಿಸುವುದನ್ನು ಮಿತವ್ಯಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೇರೆ ಕಡೆಗಳಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ: ಕಡತದ ಸಾಲು ಹಾಗೆಯೇ ಉಳಿಯುತ್ತದೆ, ಕಿಟಕಿ ಮುಚ್ಚುತ್ತದೆ.

ನಿಮ್ಮ ಜನಪ್ರತಿನಿಧಿಯನ್ನು ಕೇಳುವುದಾದರೆ ಒಟ್ಟು ಹುದ್ದೆ ಎಷ್ಟೆಂದು ಕೇಳಬೇಡಿ. ಕೇಂದ್ರ ಕಚೇರಿಯಲ್ಲಿ ಎಷ್ಟು, ಹೊರಗೆ ಎಷ್ಟು, ಹೊರಗಿನವರಲ್ಲಿ ಕಿಟಕಿಯ ಹಿಂದೆ ಎಷ್ಟು ಜನ ಎಂದು ಕೇಳಿ.

ಪ್ರಶ್ನೆ: ಬೇರೆ ದೇಶದ ರಾಯಭಾರ ಕಚೇರಿಯಲ್ಲಿ ಎಷ್ಟು ಜನರಿರಬೇಕೆಂದು ಆತಿಥೇಯ ದೇಶ ಹೇಳಬಹುದೇ?

ಉತ್ತರ: ಹೇಳಬಹುದು. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 11ನೇ ವಿಧಿಯ ಪ್ರಕಾರ, ಈ ಬಗ್ಗೆ ಪ್ರತ್ಯೇಕ ಒಪ್ಪಂದ ಇಲ್ಲದಿದ್ದರೆ, ಆತಿಥೇಯ ದೇಶ ತನಗೆ ಸಮಂಜಸವೆನಿಸಿದ ಮಿತಿಯೊಳಗೆ ಇರುವಂತೆ ಕೇಳಬಹುದು. 2023ರಲ್ಲಿ ಭಾರತ ಇದನ್ನೇ ಮುಂದಿಟ್ಟು, ಇಲ್ಲಿರುವ ಕೆನಡಾದ ರಾಜತಾಂತ್ರಿಕರ ಸಂಖ್ಯೆ ಅಲ್ಲಿರುವ ತನ್ನವರ ಸಂಖ್ಯೆಗೆ ಸಮಾನವಾಗಿರಬೇಕೆಂದಿತು. ಕೆನಡಾ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಂಡಿತು. ಜಗಳ ಸರ್ಕಾರಗಳದ್ದು, ವೀಸಾ ಅರ್ಜಿ ಹಾಕಿದವರು ಹೆಚ್ಚು ದಿನ ಕಾಯಬೇಕಾಯಿತು. ಜನ ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದ ಮೇಲಿನ ಓದುಗರೂ ಇದನ್ನು ಓದಲಿ.

ಪ್ರಶ್ನೆ: ಪುಟ್ಟ ದೇಶಗಳು ಹೇಗೆ ನಿಭಾಯಿಸುತ್ತವೆ?

ಉತ್ತರ: ಹಂಚಿಕೊಂಡು. ಒಬ್ಬರೇ ರಾಯಭಾರಿ ಹಲವು ದೇಶಗಳನ್ನು ನೋಡಿಕೊಳ್ಳುವುದು ಮಾಮೂಲು. ಬರ್ಲಿನ್‌ನಲ್ಲಿ ಡೆನ್ಮಾರ್ಕ್, ಫಿನ್‌ಲೆಂಡ್, ಐಸ್‌ಲೆಂಡ್, ನಾರ್ವೆ, ಸ್ವೀಡನ್ ಐದೂ 1999ರಿಂದ ಒಂದೇ ಆವರಣದಲ್ಲಿವೆ; ಪ್ರತಿಯೊಂದಕ್ಕೂ ಸ್ವಂತ ಕಟ್ಟಡ, ಕಾರ್ಯಕ್ರಮಗಳಿಗೆ ಎಲ್ಲರಿಗೂ ಸೇರಿದ ಇನ್ನೊಂದು. ದೊಡ್ಡ ದೇಶಗಳಿಗೆ ಇದನ್ನು ಹೇಳಿ ನೋಡಿ, ಯಾರ ಬಾವುಟ ಎತ್ತರದಲ್ಲಿರಬೇಕು ಎಂಬುದಕ್ಕೇ ಒಂದು ಸಮಿತಿ ನೇಮಿಸುತ್ತಾರೆ.