ಶೇ 98.9 ಹೋಲಿಕೆ ಬಂತು, ಹಾಗಾದರೆ ನನ್ನ ಬ್ಯಾಕ್ಟೀರಿಯಾ ಹೊಸದಲ್ಲವೇ?

ಪ್ರಶ್ನೆ: ಸಿಹಿನೀರಿನ ಕೆರೆಯಿಂದ ಹಳದಿ ಬಣ್ಣದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ್ದೇನೆ. ಅದರ 16ಎಸ್ ಜೀನ್ (ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಬಳಸುವ ಜೀನ್), ಈಗಾಗಲೇ ಹೆಸರಿರುವ ಒಂದು ಪ್ರಭೇದಕ್ಕೆ ಶೇ 98.9ರಷ್ಟು ಹೋಲುತ್ತದೆ. 98.7 ದಾಟಿದರೆ ಹೊಸ ಪ್ರಭೇದ ಅಲ್ಲ ಅಂತಾರೆ. ಇದನ್ನು ಕೈಬಿಡಲೇ?

ಉತ್ತರ: ದಯವಿಟ್ಟು ಕೈಬಿಡಬೇಡಿ. ಹೋಲಿಕೆ 98.7ಕ್ಕಿಂತ ಕಡಿಮೆ ಇದ್ದರೆ ಪ್ರಭೇದ ಬೇರೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಜಾಸ್ತಿ ಇದ್ದರೆ ಎರಡೂ ಒಂದೇ ಎಂದು ಅರ್ಥವಲ್ಲ. ಈ ಜೀನ್ ತುಂಬಾ ನಿಧಾನವಾಗಿ ಬದಲಾಗುತ್ತದೆ. ಅದರ ಸುಮಾರು 1,500 ಡಿಎನ್‌ಎ ಅಕ್ಷರಗಳಲ್ಲಿ ನಿಮ್ಮದಕ್ಕೂ ಅದಕ್ಕೂ ಹದಿನಾರು ಅಕ್ಷರ ಬೇರೆ ಇವೆ, ಅಷ್ಟೇ. ಆದರೆ ಜೀನೋಮ್‌ನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ಇರುವುದು ಲಕ್ಷಗಟ್ಟಲೆ ಅಕ್ಷರ ಅಲ್ವಾ? ಸಿಹಿನೀರಿನಲ್ಲೇ ವಾಸಿಸುವ ಪಾಲಿನ್ಯೂಕ್ಲಿಯೊಬ್ಯಾಕ್ಟರ್ ಕುಲದಲ್ಲಿ 16ಎಸ್ ಹೋಲಿಕೆ ಶೇ 99 ದಾಟಿದ್ದರೂ ಬೇರೆ ಬೇರೆ ಪ್ರಭೇದಗಳೆಂದು ಹೆಸರು ಪಡೆದವು ಎಷ್ಟೋ ಇವೆ.

ಮೊದಲು ಒಂದು ಮಾತು. ನಿಮ್ಮ ಕಲ್ಚರ್ ನಿಜಕ್ಕೂ ಶುದ್ಧವಾಗಿದೆಯೇ? ಕೆರೆಯ ಬ್ಯಾಕ್ಟೀರಿಯಾಗಳಿಗೆ ಆರ್2ಎ ತರಹದ ಕಡಿಮೆ ಪೋಷಕಾಂಶದ ಅಗರ್ ಹಿಡಿಸುತ್ತದೆ, ಆದರೆ ಕೆಲವು ಕಾಲೊನಿ ಕಾಣಿಸಿಕೊಳ್ಳಲು ವಾರವೇ ಬೇಕು. ಎರಡನೇ ದಿನ ನೋಡಿ ಶುದ್ಧ ಅಂದುಕೊಂಡ ಪ್ಲೇಟನ್ನು ಎಂಟನೇ ದಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹಳದಿ ಕಾಲೊನಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ, ಪಾರದರ್ಶಕ ಚುಕ್ಕಿಗಳು ಕಂಡರೆ ಇನ್ನೊಬ್ಬರು ಜತೆಗಿದ್ದಾರೆ ಎಂದೇ ಲೆಕ್ಕ. ಒಂದೇ ಕಾಲೊನಿಯಿಂದ ತೆಗೆದು ಹೊಸ ಪ್ಲೇಟಿನ ಮೇಲೆ ಗೀರಿ, ಮತ್ತೆ ಸ್ಟ್ರೀಕ್ ಮಾಡಿ. ಜೀನನ್ನು ಪೂರ್ತಿ ಓದಿಸಿದ್ದೀರಾ ಎಂದೂ ನೋಡಿಕೊಳ್ಳಿ. 700 ಅಕ್ಷರದ ತುಂಡಿನಿಂದ ಬಂದ ಶೇಕಡಾವಾರು ನಂಬಿಕೆಗೆ ಸಾಲದು. ಹೋಲಿಸಬೇಕಾದದ್ದು ಟೈಪ್ ಸ್ಟ್ರೈನ್‌ಗಳ ಜತೆ, ಅಂದರೆ ಪ್ರತಿ ಪ್ರಭೇದದ ಹೆಸರಿಗೆ ಆಧಾರವಾಗಿರುವ ಮಾದರಿ ತಳಿಗಳ ಜತೆ. ಡೇಟಾಬೇಸ್‌ನಲ್ಲಿ ಮೇಲೆ ಬಂದ ಹೆಸರು ತಪ್ಪಾಗಿಯೂ ಇರಬಹುದು.

ತೀರ್ಮಾನ ಮಾಡುವುದು ಜೀನೋಮ್. ಹತ್ತಿರದ ಎಲ್ಲ ಟೈಪ್ ಸ್ಟ್ರೈನ್‌ಗಳ ಜೊತೆಗೂ ಹೋಲಿಸಿ, ಬರೀ ಮೊದಲನೆಯದರ ಜತೆ ಅಲ್ಲ. ಎಎನ್‌ಐ (ಎರಡು ಜೀನೋಮ್‌ಗಳ ಅಕ್ಷರಗಳ ಸರಾಸರಿ ಹೋಲಿಕೆ) ಶೇ 95ಕ್ಕಿಂತ ಕಡಿಮೆ, ಡಿಜಿಟಲ್ ಡಿಎನ್‌ಎ ಹೈಬ್ರಿಡೈಸೇಶನ್ (ಜೀನೋಮ್‌ಗಳ ಹೋಲಿಕೆಯನ್ನು ಕಂಪ್ಯೂಟರ್‌ನಲ್ಲಿ ಅಳೆಯುವ ಇನ್ನೊಂದು ಲೆಕ್ಕ) ಶೇ 70ಕ್ಕಿಂತ ಕಡಿಮೆ ಬಂದರೆ ನಿಮ್ಮ ಕೈಯಲ್ಲಿರುವುದು ಹೊಸ ಪ್ರಭೇದವೇ.

ಆಮೇಲೆ ಅದರ ಗುಣಗಳ ಪರಿಚಯ ಮಾಡಿಕೊಳ್ಳಿ: ಯಾವ ಉಷ್ಣತೆ, ಎಷ್ಟು ಉಪ್ಪು, ಯಾವ ಪಿಎಚ್, ಯಾವ ಕೊಬ್ಬಿನಾಮ್ಲಗಳು. ಹಳದಿ ಕಾಲೊನಿಯ ಮೇಲೆ ಶೇ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ ನೋಡಿ. ಬಣ್ಣ ಕೆಂಪು ಕಂದಿಗೆ ತಿರುಗಿದರೆ ಫ್ಲೆಕ್ಸಿರುಬಿನ್ ತರಹದ ವರ್ಣಕ ಇದೆ ಎಂಬ ಸುಳಿವು. ಫ್ಲೇವೊಬ್ಯಾಕ್ಟೀರಿಯಂ ಬಳಗದ ಹಲವರಲ್ಲಿ ಇದು ಇರುತ್ತದೆ. ಇದು ಕಣ್ಣೆದುರೇ ನಡೆಯುತ್ತದೆ, ನನಗಂತೂ ಇಂದಿಗೂ ಖುಷಿ ಕೊಡುವ ಪರೀಕ್ಷೆ.

ಹೆಸರಿಗೆ ಮಾನ್ಯತೆ ಬೇಕಾದರೆ ಟೈಪ್ ಸ್ಟ್ರೈನನ್ನು ಬೇರೆ ಬೇರೆ ಎರಡು ದೇಶಗಳ ಕಲ್ಚರ್ ಸಂಗ್ರಹಗಳಲ್ಲಿ ಇಡಬೇಕು. ಅಲ್ಲಿಯವರೆಗೆ ಅದು ಬದುಕಿರಬೇಕಲ್ಲ! ಸುಮ್ನೆ ಪ್ಲೇಟಿನಲ್ಲಿಟ್ಟು ಕಾಯಬೇಡಿ. ಇವತ್ತೇ ಗ್ಲಿಸರಾಲ್‌ನಲ್ಲಿ ಬೆರೆಸಿ ನಾಲ್ಕೈದು ಟ್ಯೂಬ್‌ಗಳನ್ನು ಮೈನಸ್ 80 ಡಿಗ್ರಿಯಲ್ಲಿಡಿ. ವಾರದ ನಂತರ ಒಂದನ್ನು ತೆಗೆದು, ಮತ್ತೆ ಬೆಳೆಯುತ್ತದೆಯೇ ಎಂದು ಪ್ಲೇಟಿನಲ್ಲಿ ನೋಡಿಕೊಳ್ಳಿ.